ಸೀಟು ಹಿಡಿದ ದಫ್ತರ

ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವುದಕ್ಕೆ ಒಂದು ಕಾಯಿದೆ ಇತ್ತು. ಯಾರೂ ಬರೆದಿಟ್ಟದ್ದಲ್ಲ, ಆದರೂ ಸರ್ಕಾರದ ಕಾಯಿದೆಗಳಿಗಿಂತ ಗಟ್ಟಿ. ಬಸ್ಸು ನಿಲ್ಲುವ ಮೊದಲೇ ಅದರ ಬಗಲಲ್ಲಿ ಓಡುತ್ತ, ಕಿಟಕಿಯೊಳಗೆ ಕೈ ತೂರಿಸಿ ಸೀಟಿನ ಮೇಲೆ ಟವೆಲ್ಲು ಒಗೆಯಬೇಕು. ಟವೆಲ್ಲಿಲ್ಲದವರು ಟೊಪ್ಪಿಗೆ, ಕೈಚೀಲ, ಬುತ್ತಿಗಂಟು, ಏನಾದರೂ ಸರಿ. ಒಬ್ಬ ಮುದುಕ ಎಡಗಾಲಿನ ಚಪ್ಪಲಿ ಒಗೆದು ಸೀಟು ಹಿಡಿದದ್ದನ್ನೂ ನೋಡಿದ್ದೇನೆ. ಒಮ್ಮೆ ಬಿತ್ತೆಂದರೆ ಆ ಸೀಟು ಅವನದು. ಒಳಗೆ ಕಾಲು ತುಳಿಯುತ್ತಾರೆ, ಬೈಗುಳದಲ್ಲಿ ಏಳು ತಲೆಮಾರನ್ನು ಎಳೆಯುತ್ತಾರೆ, ಆದರೆ ಇನ್ನೊಬ್ಬರ ಟವೆಲ್ಲು ಎತ್ತಿ ಬದಿಗಿಟ್ಟು ಕೂತವನನ್ನು ನಾನು ಕಾಣೆ.

ಈ ಕಾಯಿದೆಯನ್ನು ನಾನು ಹದಿನೇಳು ವರ್ಷ ಪಾಲಿಸಿದೆ. ನನ್ನ ಮನೆ ನರೋಣಾದಲ್ಲಿ, ಕಚೇರಿ ಅಫಜಲಪುರದಲ್ಲಿ. ನರೋಣಾದಿಂದ ಆಳಂದಕ್ಕೆ ಒಂದು ಬಸ್ಸು, ಆಳಂದದಿಂದ ಅಫಜಲಪುರಕ್ಕೆ ಇನ್ನೊಂದು. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಕಚೇರಿಯ ಮೆಟ್ಟಿಲು ಹತ್ತುವಾಗ ಹತ್ತೂವರೆ. ಸಂಜೆ ಅದೇ ದಾರಿ, ಅದೇ ಧೂಳು, ಅದೇ ಮುಖಗಳು. ಒಂದು ಬಸ್ಸು ತಪ್ಪಿದರೆ ಇನ್ನೊಂದು ತಾನಾಗಿಯೇ ತಪ್ಪುತ್ತಿತ್ತು, ಜೋಡಿ ಎತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದೂ ನಿಲ್ಲುವ ಹಾಗೆ.

ಹಾಗಾದರೆ ಅಫಜಲಪುರದಲ್ಲೇ ಮನೆ ಮಾಡಬಾರದಿತ್ತೇ ಎಂದು ಎಲ್ಲರೂ ಕೇಳುತ್ತಿದ್ದರು. ನನ್ನನ್ನು ಅಲ್ಲಿಗೆ ಕಳಿಸಿದ್ದು ಆರು ತಿಂಗಳ ಮಟ್ಟಿಗೆ. ಆರು ತಿಂಗಳಾದ ಮೇಲೆ ಮತ್ತೆ ಆರು ತಿಂಗಳು ಎಂದು ಕಾಗದ ಬಂತು. ಹದಿನೇಳು ವರ್ಷವೂ ಆರಾರು ತಿಂಗಳ ಲೆಕ್ಕದಲ್ಲೇ ಬಂದವು. ಆರು ತಿಂಗಳಿಗೆ ಯಾರು ಎಮ್ಮೆ, ಮುದಿ ತಾಯಿ, ನಮ್ಮ ಇಬ್ಬರು ಹುಡುಗಿಯರ ಸಾಲಿ ಎಲ್ಲ ಬಿಟ್ಟು ಮನೆ ಕಿತ್ತುಕೊಂಡು ಹೋಗುತ್ತಾರೆ? ಹದಿನೇಳು ವರ್ಷ ಎಂದು ಮೊದಲೇ ಹೇಳಿದ್ದರೆ ನಾನೂ ಹೋಗುತ್ತಿದ್ದೆ.

ನನ್ನ ಕೆಲಸ ಏನೆಂದು ಹೇಳಬೇಕು. ನಮ್ಮ ಕಡೆ ನಿಜಾಮರ ಕಾಲದ ಹೊಲದ ಕಾಗದಗಳೆಲ್ಲ ಉರ್ದುವಿನಲ್ಲಿ. ಉಳುವವನಿಗೆ ಹೊಲ ಎಂಬ ಕಾನೂನು ಬಂದ ಮೇಲೆ ಯಾರ ಹೊಲ ಯಾರು ಉಳುತ್ತಿದ್ದರು ಎಂದು ಹಳೆಯ ಕಾಗದ ತೆಗೆದು ನೋಡುವ ಪಾಳಿ ಬಂತು. ನೋಡಿದರೆ ಓದುವವರೇ ಇಲ್ಲ. ನಾನು ಹುಡುಗನಿದ್ದಾಗ ನಾಲ್ಕನೆಯ ಇಯತ್ತೆಯವರೆಗೆ ಉರ್ದು ಸಾಲಿಯಲ್ಲಿ ಕಲಿತವನು. ಆಮೇಲೆ ನಮ್ಮಜ್ಜ ಕೈಬರಹ ಓದುವುದನ್ನು ಹೇಳಿಕೊಟ್ಟಿದ್ದ. ಅವಸರದಲ್ಲಿ ಬರೆದ ಆ ಬರಹದಲ್ಲಿ ಚುಕ್ಕಿಗಳೇ ಇರುತ್ತಿರಲಿಲ್ಲ. ಬಾಯಿಬಿಟ್ಟು ಗಟ್ಟಿಯಾಗಿ ಓದಿದರೆ ಮಾತ್ರ ಯಾವುದು ಯಾವ ಅಕ್ಷರವೆಂದು ಕಿವಿಗೆ ತಿಳಿಯುತ್ತಿತ್ತು. ಹಾಗೆ ಓದಿ ಕನ್ನಡಕ್ಕೆ ಬರೆದುಕೊಡುವುದು ನನ್ನ ಕೆಲಸ. ಕಾಗದಗಳನ್ನು ಊರಿಗೊಂದರಂತೆ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಿರುತ್ತಿದ್ದರು. ಆ ಗಂಟಿಗೆ ದಫ್ತರ ಅನ್ನುತ್ತಿದ್ದೆವು.

ಇದೇ ಕೆಲಸಕ್ಕೆ ಜೇವರ್ಗಿಯವನೊಬ್ಬ ದಿನಾ ಗುಲಬರ್ಗಾ ಹಾದು ಆಳಂದಕ್ಕೆ ಬರುತ್ತಿದ್ದ. ಅವನು ಆಳಂದದಲ್ಲಿ ಇಳಿಯುವುದಕ್ಕೂ ನಾನು ಅಫಜಲಪುರದ ಬಸ್ಸಿಗೆ ಕಾಯುವುದಕ್ಕೂ ಸರಿಹೋಗುತ್ತಿತ್ತು. ಐದು ನಿಮಿಷ ನಿಂತು ಚಹಾ ಕುಡಿಯುತ್ತಿದ್ದೆವು. ಅವನು ಓದುತ್ತಿದ್ದ ಕಾಗದಗಳಲ್ಲಿ ನರೋಣಾದವೂ ಇದ್ದವು, ಅವನ್ನು ಬರೆದವನು ನನ್ನ ಅಜ್ಜ. ನಾನು ಓದಲಿಕ್ಕೆ ಹೋಗುತ್ತಿದ್ದುದು ಅಫಜಲಪುರ ತಾಲೂಕಿನ ಊರುಗಳವು, ಅವುಗಳಲ್ಲಿ ನನ್ನ ಹೆಂಡತಿಯ ತವರು ಅತನೂರದ್ದೂ ಒಂದು. ಜೇವರ್ಗಿಯ ಕಾಗದ ಓದಲಿಕ್ಕೆ ಅಫಜಲಪುರದವನೊಬ್ಬ ಜೇವರ್ಗಿಗೆ ಹೋಗುತ್ತಿದ್ದಾನೆಂದು ಆಮೇಲೆ ತಿಳಿಯಿತು. ಮೂವರನ್ನೂ ಅವರವರ ತಾಲೂಕಿನಲ್ಲಿ ಕೂಡಿಸಿದ್ದರೆ ಮೂವರೂ ಮನೆಯಲ್ಲಿ ಬಿಸಿರೊಟ್ಟಿ ಉಣ್ಣುತ್ತಿದ್ದೆವು. ಹಾಗೆಂದು ಅರ್ಜಿ ಬರೆದೆವು. ಅದಕ್ಕೆ ಉತ್ತರ ಬರಲಿಲ್ಲ, ಮತ್ತೆ ಆರು ತಿಂಗಳ ಕಾಗದ ಬಂತು. ಜೇವರ್ಗಿಯವನು ಭೇಟಿಯಾದಾಗಲೆಲ್ಲ ನಿಮ್ಮಜ್ಜನ ಅಕ್ಷರ ಇರುವಿ ಸಾಲಿನ ಹಂಗ ಅವ ಎಂದು ನನ್ನನ್ನೇ ದೂರುತ್ತಿದ್ದ.

ಅಜ್ಜನ ಕೆಲಸ ನನ್ನ ಕಣ್ಣ ಮುಂದೆ ನಡೆದದ್ದು. ಪಟವಾರಿಕಿ, ಅಂದರೆ ಊರ ಹೊಲದ ಲೆಕ್ಕ ಇಡುವ ಹಕ್ಕು, ಬೇರೆಯವರ ಮನೆತನದ್ದು, ಬರವಣಿಗೆ ಮಾತ್ರ ಇವನದು. ಊರಿನ ದಫ್ತರ ನಮ್ಮ ಪಡಸಾಲೆಯ ಮಾಡದಲ್ಲಿ ಇರುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಕಂಬಕ್ಕೆ ಒರಗಿ ಬರೆಯುವ ಇಳಿಜಾರು ಪೆಟ್ಟಿಗೆಯನ್ನು ಮುಂದೆಳೆದುಕೊಂಡರೆ ಅದೇ ಕಚೇರಿ. ಕೆಲಸವಿದ್ದವರು ಕಟ್ಟೆಗೆ ಬಂದು ಕೂಡುತ್ತಿದ್ದರು. ನಡುವೆ ಎದ್ದು ಎಮ್ಮೆಗೆ ನೀರು ಕುಡಿಸುತ್ತಿದ್ದ, ಮೊಮ್ಮಗನ ಕಿವಿ ಹಿಂಡುತ್ತಿದ್ದ, ಮತ್ತೆ ಬಂದು ಬರೆಯುತ್ತಿದ್ದ. ಎಂಬತ್ತು ವರ್ಷ ಬದುಕಿದವನು ಕಚೇರಿಗೆಂದು ಒಂದು ದಿನವೂ ಬಸ್ಸು ಹತ್ತಲಿಲ್ಲ. ಅವನ ಬರಹದಲ್ಲಿ ಒಂದು ತಪ್ಪನ್ನೂ ಜೇವರ್ಗಿಯವನು ತೋರಿಸಲಾರದೆ ಹೋದ, ಬರೇ ಇರುವಿ ಎಂದು ಬೈದ.

ಮೊಮ್ಮಗನಾದ ನಾನು ನಾಲ್ಕು ತಾಸು ಹೋಗಿ, ನಾಲ್ಕು ಪುಟ ಬರೆದು, ನಾಲ್ಕು ತಾಸು ಬರುತ್ತಿದ್ದೆ. ನಾಲ್ಕೇ ಪುಟ ಏಕೆಂದರೆ ಬಸ್ಸಿನಿಂದ ಇಳಿದ ಮೈ ಹನ್ನೆರಡರವರೆಗೆ ನನ್ನ ಮಾತು ಕೇಳುತ್ತಿರಲಿಲ್ಲ. ನಿಂತುನಿಂತು ಕಾಲು ಜೋಮು ಹಿಡಿದಿರುತ್ತಿತ್ತು. ಮೊದಲ ವರ್ಷ ಅದು ಕಾಲಿಗಷ್ಟೇ ಇತ್ತು. ಆಮೇಲೆ ಹಿಡಿಕೆಗೆ ಜೋತ ಕೈಗೆ ಬಂತು. ಆಮೇಲೆ ಎಲ್ಲಿಗೆ ಬಂತೋ ನಾನು ನೋಡಿಕೊಳ್ಳಲಿಲ್ಲ.

ಬಸ್ಸಿನಲ್ಲಿ ನಾನು ಕಲಿತ ಇನ್ನೊಂದು ವಿದ್ಯೆ ಎಂದರೆ ಹೂಂ ಅನ್ನುವುದು. ಪಕ್ಕದವರು ತಮ್ಮ ಅಳಿಯನ ಕಥೆ, ಬಾವಿ ತೋಡಿಸಿದ ಕಥೆ, ಕೋರ್ಟಿನ ಕಥೆ ಶುರು ಮಾಡುತ್ತಿದ್ದರು. ಕೇಳುವುದಿಲ್ಲ ಎಂದರೆ ಜಗಳ, ಕೇಳಿದರೆ ತಲೆನೋವು. ಕಣ್ಣು ಮುಚ್ಚಿಕೊಂಡು, ಅವರ ಮಾತು ಎಲ್ಲಿ ನಿಲ್ಲುತ್ತದೋ ಅಲ್ಲಿ ಒಂದು ಹೂಂ ಹಾಕಿದರೆ ಸಾಕು. ನಿದ್ದೆಯಲ್ಲೂ ತಪ್ಪದೆ ಹಾಕುತ್ತಿದ್ದೆ. ಕಂಡಕ್ಟರನೊಬ್ಬ ನನ್ನನ್ನು ತೋರಿಸಿ, ಇವರು ನಿದ್ದ್ಯಾಗ ಹೂಂ ಅಂತಾರ, ಎಚ್ಚರಿದ್ದಾಗ ಉಹೂಂ ಅಂತಾರ ಎಂದು ಬಸ್ಸನ್ನೆಲ್ಲ ನಗಿಸಿದ್ದ. ನಾನೂ ನಕ್ಕಿದ್ದೆ.

ಅಫಜಲಪುರಕ್ಕೆ ಹೋಗಲು ಶುರು ಮಾಡಿದ ಎರಡನೆಯ ವರ್ಷ ನಮಗೆ ಮೂರನೆಯ ಕೂಸು ಹುಟ್ಟಿತು, ಗಂಡು. ಹನ್ನೊಂದು ದಿನ ಇದ್ದು ಹೋಯಿತು. ಹೋದ ಹೊತ್ತಿಗೆ ನಾನು ಬಸ್ಸಿನಲ್ಲಿದ್ದೆ. ಮನೆಗೆ ಬರುವಷ್ಟರಲ್ಲಿ ಹಿರಿಯರು ಮಣ್ಣು ಮಾಡಿ ಬಂದು ಕಟ್ಟೆಯ ಮೇಲೆ ಕೂತಿದ್ದರು. ಹೆಂಡತಿ ಒಳಗೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅವತ್ತಿನಿಂದ ಅವಳು ಮಾತಾಡುವುದನ್ನು ಬಿಟ್ಟಳು.

ಕೆಲಸ ಬಿಡಲಿಲ್ಲ. ರೊಟ್ಟಿ ಬಡಿಯುತ್ತಿದ್ದಳು, ಎಮ್ಮೆ ಹಿಂಡುತ್ತಿದ್ದಳು, ಇಬ್ಬರು ಹುಡುಗಿಯರ ಜಡೆ ಹೆಣೆಯುತ್ತಿದ್ದಳು, ಎಲ್ಲ ಬಾಯಿ ಮುಚ್ಚಿಕೊಂಡೇ. ಕರೆದರೆ ತಿರುಗಿ ನೋಡುತ್ತಿದ್ದಳು. ನಮ್ಮವ್ವ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದಳು, ಮಠಕ್ಕೆ ಕರೆದೊಯ್ದಳು. ನಾನು ಒಂದು ದಿನ ರಜೆ ಹಾಕಿ ಗುಲಬರ್ಗಾದ ಡಾಕ್ಟರಿಗೆ ತೋರಿಸಿದೆ. ಅವರು ಬಿಳಿ ಗುಳಿಗೆ ಬರೆದುಕೊಟ್ಟು, ಗುಳಿಗೆಯಿಂದ ನಿದ್ದೆ ಬರುತ್ತದೆ, ಮಾತು ಬರುವುದಿಲ್ಲ ಎಂದರು. ಹಗಲು ಹೊತ್ತು ಗಂಡ ಹತ್ತಿರ ಕೂತು ಏನಾದರೂ ಮಾತಾಡುತ್ತಿರಬೇಕು, ಅವಳು ಉತ್ತರ ಕೊಡಲಿ ಬಿಡಲಿ, ದನಿ ಕಿವಿಗೆ ಬೀಳುತ್ತಿರಲಿ ಎಂದರು. ಹೆಚ್ಚು ತಡ ಮಾಡಿದರೆ ಹೀಗೇ ಉಳಿದುಬಿಡಬಹುದು ಎಂದೂ ಹೇಳಿದರು. ಹಗಲು ಹೊತ್ತು ನಾನು ಮನೆಯಲ್ಲಿ ಇರುತ್ತಿದ್ದುದು ಭಾನುವಾರ ಒಂದೇ, ಅವತ್ತು ಸತ್ತವನ ಹಾಗೆ ಮಲಗಿರುತ್ತಿದ್ದೆ.

ಆಗ ತಹಶೀಲ್ದಾರ ಸಾಹೇಬರಿಗೆ ಒಂದು ಅರ್ಜಿ ಬರೆದೆ. ದಫ್ತರಗಳನ್ನು ಮನೆಗೆ ಒಯ್ದು ಬರೆದು ತರುತ್ತೇನೆ, ದಿನಕ್ಕೆ ನಾಲ್ಕರ ಬದಲು ಹತ್ತು ಪುಟ ಕೊಡುತ್ತೇನೆ, ಹಿಂದೆ ಈ ಕಾಗದಗಳು ಹುಟ್ಟಿದ್ದೇ ಮನೆಗಳಲ್ಲಿ, ನಮ್ಮಜ್ಜ ಹೀಗೆ ಹೀಗೆ ಕೆಲಸ ಮಾಡುತ್ತಿದ್ದ ಎಂದು ಎರಡು ಪುಟ ತುಂಬಿಸಿದೆ. ಹೆಂಡತಿಯ ವಿಷಯ ಒಂದು ಸಾಲೂ ಬರೆಯಲಿಲ್ಲ. ಮನೆಯ ಮಾತನ್ನು ಕಚೇರಿಯಲ್ಲಿ ಹೇಗೆ ಬರೆಯುವುದು, ನಾಳೆ ಜವಾನನೂ ಓದುತ್ತಾನೆ ಎಂದು ನಾಚಿಕೆಯಾಯಿತು. ಸಾಹೇಬರು ಒಳ್ಳೆಯವರು. ಓದಿ ನಕ್ಕು, ನಿಮ್ಮಜ್ಜನ ಕಾಲ ನಿಮ್ಮಜ್ಜನ ಕೂಡ ಹೋಯಿತು ಎಂದು ಅರ್ಜಿಯನ್ನು ಮಡಿಸಿ ಬದಿಗಿಟ್ಟರು.

ಆದರೆ ದೇವರು ಕೊಡದ್ದನ್ನು ಚುನಾವಣೆ ಕೊಟ್ಟಿತು. ಮತಪೆಟ್ಟಿಗೆಗಳು ಬಂದವು, ಇಡಲು ಬೀಗದ ಕೋಣೆ ಬೇಕಾಯಿತು, ನಾನು ಕೂತು ಬರೆಯುವ ದಫ್ತರಖಾನೆಯ ಅರ್ಧ ಕೋಣೆ ಅವುಗಳ ಪಾಲಾಯಿತು. ನನ್ನ ಮೇಜನ್ನು ವರಾಂಡಕ್ಕೆ ಹಾಕಿದರೆ ಗಾಳಿಗೆ ಕಾಗದ ಹಾರುತ್ತಿದ್ದವು. ಆಗ ಸಾಹೇಬರಿಗೆ ನಮ್ಮಜ್ಜನ ನೆನಪಾಯಿತು. ವಾರಕ್ಕೆ ಒಂದು ದಫ್ತರ ಒಯ್ಯಿರಿ, ರಿಜಿಸ್ಟರಿನಲ್ಲಿ ಸಹಿ ಹಾಕಿ, ಸೋಮವಾರ ತಂದು ಕೊಟ್ಟು ಇನ್ನೊಂದು ಒಯ್ಯಿರಿ, ಬಾಯಿಮಾತಿನ ಒಪ್ಪಿಗೆ, ಕಾಗದ ಕೇಳಬೇಡಿ ಎಂದರು. ನಾನು ಕೇಳಲಿಲ್ಲ. ಕೆಂಪು ಗಂಟನ್ನು ಎದೆಗವಚಿಕೊಂಡು ಬಂದೆ.

ಅದು ದೀಪಾವಳಿ ಕಳೆದ ಹೊಸತು. ಮರುದಿನ ಆರೂವರೆಯ ಬಸ್ಸು ಊರ ಅಗಸಿ ಬಾಗಿಲಲ್ಲಿ ಹಾರ್ನು ಹೊಡೆದು ಹೋಯಿತು, ನಾನು ಪಡಸಾಲೆಯಲ್ಲಿ ಅಜ್ಜನ ಪೆಟ್ಟಿಗೆ ಒರೆಸುತ್ತ ಕೂತಿದ್ದೆ. ಬಸ್ಸು ನನ್ನನ್ನು ಬಿಟ್ಟು ಹೋದ ಸದ್ದಿಗೆ ಇಷ್ಟು ಸಂತೋಷವಾಗುತ್ತದೆ ಎಂದು ತಿಳಿದಿರಲಿಲ್ಲ. ಹತ್ತು ಗಂಟೆಗೆ, ಅಂದರೆ ದಿನಾ ಅಫಜಲಪುರದಲ್ಲಿ ಇನ್ನೂ ಬಸ್ಸಿಳಿಯದ ಹೊತ್ತಿಗೆ, ಮೂರು ಪುಟ ಮುಗಿದಿದ್ದವು. ನಡುವೆ ಎದ್ದು ಎಮ್ಮೆಗೆ ನೀರು ಕುಡಿಸಿದೆ. ಮಧ್ಯಾಹ್ನ ಬಿಸಿರೊಟ್ಟಿ, ಪುಂಡಿಪಲ್ಯ ಉಂಡು ಕಾಲು ತಾಸು ಅಡ್ಡಾದೆ. ಸಂಜೆ ಎಣಿಸಿದರೆ ಹನ್ನೊಂದು ಪುಟ. ಹಗಲಿನಲ್ಲಿ ನಮ್ಮ ಮನೆಯೊಳಗೆ ಬಿಸಿಲು ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂದು ನಲವತ್ತು ದಾಟಿದ ಮೇಲೆ ನಾನು ಮೊದಲ ಸಲ ನೋಡಿದೆ.

ಕೈಬರಹ ಓದಬೇಕೆಂದರೆ ಬಾಯಿಬಿಟ್ಟೇ ಓದಬೇಕಲ್ಲ. ಡಾಕ್ಟರು ಹೇಳಿದ ಮಾತಾಡುವ ಕೆಲಸ ಹೀಗೆ ತಾನಾಗಿಯೇ ನಡೆಯಿತು. ಉರ್ದುವಿನಲ್ಲಿ ಓದುತ್ತಿದ್ದೆ, ಆಮೇಲೆ ಕನ್ನಡದಲ್ಲಿ ಹೇಳಿಕೊಂಡು ಬರೆಯುತ್ತಿದ್ದೆ. ನಂಬರು, ಹಿಡಿದವನ ಹೆಸರು, ಮತ್ತೆ ಹೊಲದ ಹೆಸರು. ಹಳಬರು ಹೊಲಗಳಿಗೂ ಹೆಸರಿಟ್ಟಿದ್ದರು. ಗುಂಡಿನ ಹೊಲ, ಕರಿಕಲ್ಲಿನ ಪಟ್ಟಿ, ಎರಡು ಬಾವಿಯದು. ಮೊದಮೊದಲು ಹೆಂಡತಿ ಅಡುಗೆಮನೆಯಲ್ಲೇ ಇರುತ್ತಿದ್ದಳು. ಆಮೇಲೆ ಮೊರ ತಂದು ಎದುರಿನ ಕಂಬದ ಹತ್ತಿರ ಜೋಳ ಹಸನು ಮಾಡುತ್ತ ಕೂಡತೊಡಗಿದಳು. ನನ್ನ ಕಡೆ ನೋಡುತ್ತಿರಲಿಲ್ಲ. ನಾನೂ ನೋಡುತ್ತಿರಲಿಲ್ಲ, ಎದ್ದು ಹೋದಾಳೆಂಬ ಭಯಕ್ಕೆ.

ಆರನೆಯ ವಾರ ಬೇಕೆಂದೇ ಅತನೂರದ ದಫ್ತರ ತಂದೆ. ಅವಳಿಗೆ ಹೇಳಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಒಂದು ಸಾಲು ಓದಿ, ಬನ್ನಿಗಿಡದ ಹೊಲ ಎಂದು ಹೇಳಿಕೊಂಡು ಬರೆಯುತ್ತಿದ್ದೆ. ಮೊರದ ಸದ್ದು ನಿಂತಿತು.

“ಅಲ್ಲಿ ಬನ್ನಿಗಿಡ ಇಲ್ರಿ ಈಗ,” ಎಂದಳು. “ನಮ್ಮಪ್ಪ ಕಡಿಸ್ಯಾನ.”

ಹದಿನಾಲ್ಕು ತಿಂಗಳ ಮೇಲೆ ಕೇಳಿದ ದನಿ. ಗಂಟಲು ಕಟ್ಟಿದವರ ದನಿಯಂತಿತ್ತು. ನಾನು ತಲೆ ಎತ್ತಲಿಲ್ಲ. ಹೊಲ ಎಂಬಲ್ಲಿ ಲಕಾರ ಉದ್ದವಾಯಿತು. ಯಾಕೆ ಕಡಿಸಿದರು ಎಂದು ಕಾಗದವನ್ನೇ ನೋಡುತ್ತ ಕೇಳಿದೆ. ಅದರ ಬುಡದಲ್ಲಿ ಹಾವಿನ ಹುತ್ತ ಇತ್ತು, ಬುತ್ತಿ ಒಯ್ದ ಹೆಣ್ಣುಮಕ್ಕಳು ನೆರಳಿಗೆ ಅಲ್ಲೇ ಕೂಡುತ್ತಿದ್ದರು, ಅದಕ್ಕೆ ಎಂದು ನಿಧಾನಕ್ಕೆ ಹೇಳಿದಳು. ನಮ್ಮವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡು ಹಾಗೇ ಹಿಂದಕ್ಕೆ ಹೋದಳು. ನನಗೆ ಅಳು ಬಂದಿತ್ತು, ಸರ್ಕಾರಿ ಕಾಗದ ನೆನೆದೀತೆಂದು ತಡೆದುಕೊಂಡೆ.

ಆಮೇಲೆ ದಿನಾ ಬೆಳಿಗ್ಗೆ ನಾನು ಗಂಟು ಬಿಚ್ಚುವಾಗ ಮೊರ ಹಿಡಿದು ಬಂದು, “ಇವತ್ತ ಯಾ ಹೊಲ್ರಿ?” ಎಂದು ಕೇಳುತ್ತಿದ್ದಳು. ನಾನು ಹೇಳಿದರೆ ಅವಳು ಮಿಕ್ಕದ್ದು ಹೇಳುತ್ತಿದ್ದಳು. ಯಾವ ಹೊಲದ ಬದುವಿನಲ್ಲಿ ಯಾರ ಕಾಲು ಮುರಿಯಿತು, ಯಾವ ಬಾವಿಯ ನೀರು ಸವಳು, ಯಾವ ಅಣ್ಣತಮ್ಮಂದಿರು ಬೇಲಿಯ ಸಲುವಾಗಿ ಮಾತು ಬಿಟ್ಟರು. ಅತನೂರದ ದಫ್ತರವನ್ನು ನಾನು ಮೂರು ವಾರ ತಿರುಗಿಸಿ ಕೊಡಲಿಲ್ಲ, ಏನೇನೋ ನೆಪ ಹೇಳಿದೆ. ಅದು ಮುಗಿದ ಮೇಲೆ ಬೇರೆ ಊರಿನವು ಬಂದರೂ ಅವಳ ಕೇಳುವುದು ನಿಲ್ಲಲಿಲ್ಲ. ಕಾಣದ ಹೊಲಗಳ ಬಗ್ಗೆಯೂ ಹಿಂಗ ಇರಬೇಕು, ಹಂಗ ಇರಬೇಕು ಎಂದು ಹೇಳುತ್ತಿದ್ದಳು. ಒಂದು ದಿನ ಸತ್ತ ಕೂಸಿನ ಮಾತೂ ಬಂತು. ಅದರ ಕಿವಿ ನಿಮ್ಮವೇ ಇದ್ದವು ಎಂದಳು. ನಾವಿಬ್ಬರೂ ಅವತ್ತು ಅತ್ತೆವು. ನನ್ನ ಬದುಕಿನ ಒಳ್ಳೆಯ ಕಾಲ ಯಾವುದು ಎಂದು ಯಾರಾದರೂ ಕೇಳಿದರೆ ಆ ನಾಲ್ಕು ತಿಂಗಳು ಎಂದು ಹೇಳುತ್ತೇನೆ.

ಯುಗಾದಿ ಹತ್ತಿರವಿದ್ದಾಗ ಒಂದು ಸೋಮವಾರ ಅಫಜಲಪುರಕ್ಕೆ ಹೋಗಿ, ಹಳೆಯ ದಫ್ತರ ಕೊಟ್ಟು, ಹೊಸದಕ್ಕೆ ಸಹಿ ಹಾಕಿ, ಮಧ್ಯಾಹ್ನ ಮೂರರ ಬಸ್ಸಿಗೆ ಸ್ಟ್ಯಾಂಡಿಗೆ ಬಂದೆ. ಆಳಂದ ಹಾದು ಮಹಾರಾಷ್ಟ್ರದ ಉಮರ್ಗಾಕ್ಕೆ ಹೋಗುವ ಬಸ್ಸು ಅದು. ಹಬ್ಬದ ಸಂತೆಯ ಮಂದಿ ಸ್ಟ್ಯಾಂಡಿನ ತುಂಬ. ಬಿಸಿಲಿಗೆ ಟವೆಲ್ಲನ್ನು ತಲೆಗೆ ಸುತ್ತಿಕೊಂಡಿದ್ದೆ. ಬಸ್ಸು ಒಳಗೆ ತಿರುಗಿತು, ಮಂದಿ ಓಡಿತು, ನಾನೂ ಓಡಿದೆ. ಮೂರನೆಯ ಕಿಟಕಿ ಎದುರಿಗೆ ಬಂತು. ಕೈ ತಾನಾಗಿಯೇ ಎದ್ದು, ಕೈಯಲ್ಲಿದ್ದದ್ದನ್ನು ಒಳಗೆ ಒಗೆಯಿತು. ಅದು ಸೀಟಿನ ಮೇಲೆ ಸರಿಯಾಗಿ ಬಿತ್ತು. ಸೀಟು ಸಿಕ್ಕಿತು ಎಂದು ಸಮಾಧಾನದಿಂದ ನಾಲ್ಕು ಹೆಜ್ಜೆ ಬಾಗಿಲ ಕಡೆ ನಡೆದ ಮೇಲೆ ನನ್ನ ತಲೆಯ ಮೇಲೆ ಟವೆಲ್ಲು ಹಾಗೇ ಇದೆ ಎಂದು ತಿಳಿಯಿತು.

ನಾನು ಒಗೆದದ್ದು ದಫ್ತರ.

ಬಾಗಿಲಲ್ಲಿ ಮಂದಿ ಜೋತಿತ್ತು. ಕೂಗಿದೆ, ನೂಕಿದೆ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೆ, ಯಾರದೋ ಬೆನ್ನು ನನ್ನನ್ನು ಕೆಳಗೆ ತಳ್ಳಿತು. ಇನ್ನ ಜಾಗಾ ಇಲ್ಲ ಎಂದು ಕಂಡಕ್ಟರ್ ಸೀಟಿ ಊದಿದ. ಬಸ್ಸಿನ ತಗಡು ಬಡಿಯುತ್ತ ಸಂತೆಯ ತುದಿಯವರೆಗೆ ಓಡಿದೆ. ಅದು ಹೋಯಿತು. ಮೂರನೆಯ ಕಿಟಕಿಯ ಹತ್ತಿರ ಕೆಂಪು ಬಟ್ಟೆ ಕಾಣುತ್ತಿತ್ತು.

ಮುಂದಿನ ಬಸ್ಸಿಗೆ ಎರಡು ತಾಸು. ಅದಕ್ಕೆ ಕಾದು ಹಿಂಬಾಲಿಸಿ ಯಾರಿಗೂ ತಿಳಿಯದಂತೆ ದಫ್ತರ ಹುಡುಕಿ ತರಬಹುದಿತ್ತು. ಅಷ್ಟರಲ್ಲಿ ಯಾರಾದರೂ ಎತ್ತಿಕೊಂಡು ಹೋದರೆ ಒಂದು ಊರಿನ ಹೊಲವೆಲ್ಲ ಹೋದ ಹಾಗೆ, ಎಷ್ಟೋ ಮಂದಿಗೆ ಅದೊಂದೇ ಸಾಕ್ಷಿ. ಟೆಲಿಫೋನು ಇದ್ದುದು ಕಚೇರಿಯಲ್ಲಿ. ಕಚೇರಿಗೆ ಹೋದರೆ ಸಾಹೇಬರಿಗೆ ಹೇಳಬೇಕು, ಹೇಳಿದರೆ ಮನೆಯ ಕೆಲಸ ಮುಗಿಯಿತು. ಸಂತೆಯಲ್ಲಿ ಒಂದು ಕ್ಷಣ ನಿಂತೆ. ಆಮೇಲೆ ಕಚೇರಿಯ ಕಡೆಗೇ ನಡೆದೆ.

ಸಾಹೇಬರು ಬೈಯಲಿಲ್ಲ. ಆಳಂದದ ಸ್ಟ್ಯಾಂಡಿಗೆ ಫೋನು ಹಚ್ಚಿಸಿದರು, ಅದು ಹತ್ತುವಷ್ಟರಲ್ಲಿ ಬಸ್ಸು ಆಳಂದ ದಾಟಿತ್ತು. ಸರ್ಕಾರಿ ದಫ್ತರ ಆ ರಾತ್ರಿ ಮಹಾರಾಷ್ಟ್ರದಲ್ಲಿ ಉಳಿಯಿತು. ಮರುದಿನ ಮಧ್ಯಾಹ್ನ ಅದೇ ಬಸ್ಸಿನ ಕಂಡಕ್ಟರ್ ಅದನ್ನು ತಂದು ಸಾಹೇಬರ ಮೇಜಿನ ಮೇಲಿಟ್ಟ. ಗಂಟು ಕೂಡ ಸಡಿಲಾಗಿರಲಿಲ್ಲ.

“ಉಮರ್ಗಾ ತನಕಾ ಆ ಸೀಟಿನ್ಯಾಗ ಯಾರೂ ಕೂಡಲಿಲ್ರಿ,” ಎಂದ ಅವನು. “ಮಂದಿ ಒಬ್ಬರ ಮ್ಯಾಲೊಬ್ರು ನಿಂತಿತ್ತು. ಯಾರದಂತ ಕೇಳಿದ್ರ, ಯಾರೋ ಇಟ್ಟಾರ, ಬರ್ತಾರ ಅಂದ್ರು.”

ಹೊಟ್ಟೆಯ ಮೇಲೆ ಕೂಸು ಕಟ್ಟಿಕೊಂಡ ಹೆಣ್ಣುಮಗಳೂ ನಿಂತೇ ಬಂದಳಂತೆ. ಸಾಹೇಬರಿಗೆ ನಗು ತಡೆಯಲಾಗಲಿಲ್ಲ. ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ನಕ್ಕು ಮುಗಿಸಿ ಅವರು, ನಿಮ್ಮ ಮೇಲೆ ಏನೂ ಬರೆಯುವುದಿಲ್ಲ, ಆದರೆ ನಾಳೆಯಿಂದ ಇಲ್ಲೇ ಬನ್ನಿ, ಮತಪೆಟ್ಟಿಗೆಗಳನ್ನು ಬೇರೆ ಕಡೆ ಇಡಿಸುತ್ತೇನೆ ಎಂದರು. ಮನೆಯಲ್ಲಿ ಏನಾದರೂ ಅಡಚಣೆ ಇದೆಯೇ ಎಂದೂ ಕೇಳಿದರು. ಆಗ ಹೇಳಬಹುದಿತ್ತು. ಒಂದೇ ಮಾತು, ನನ್ನ ಹೆಂಡತಿ ಈಗಷ್ಟೇ ಮಾತಾಡುತ್ತಿದ್ದಾಳೆ ಎಂದು. ಕಂಡಕ್ಟರ್ ನಿಂತಿದ್ದ, ಜವಾನ ನಿಂತಿದ್ದ.

“ಏನಿಲ್ರಿ ಸಾಹೇಬ್ರ,” ಎಂದೆ.

ಬುಧವಾರ ಆರೂವರೆಯ ಬಸ್ಸು ಹಾರ್ನು ಹೊಡೆಯಿತು, ನಾನು ಹತ್ತಿದೆ. ಸಂಜೆ ಬಂದಾಗ ಅವಳು ತಂಬಿಗೆಯಲ್ಲಿ ನೀರು ಕೊಡುತ್ತ, ಇವತ್ತ ಯಾ ಹೊಲ್ರಿ ಎಂದಳು. ಓದಿದ್ದೆ, ಆದರೆ ನೆನಪಿಗೆ ಬರಲಿಲ್ಲ. ನಾಳೆ ಹೇಳ್ತೇನಿ ಎಂದೆ. ಮರುದಿನವೂ ಕೇಳಿದಳು. ಮರುವಾರವೂ ಕೇಳಿದಳು. ಹೊಲದ ಹೆಸರನ್ನು ಟಿಕೆಟಿನ ಹಿಂದೆ ಬರೆದುಕೊಂಡು ಬರಬೇಕು ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ, ಎರಡು ಸಲ ಬರೆದೆ ಕೂಡ, ಒಂದು ಸಲ ಅದನ್ನು ಅಂಗಿಯ ಕಿಸೆಯಿಂದ ತೆಗೆಯುವಷ್ಟು ಎಚ್ಚರವೂ ಇತ್ತು. ಅವಳು ಕೇಳುವುದನ್ನು ಯಾವತ್ತು ನಿಲ್ಲಿಸಿದಳೋ ನನಗೆ ಗೊತ್ತಿಲ್ಲ. ನಿಂತಿದೆ ಎಂದು ತಿಳಿದಾಗ ಮಳೆಗಾಲ ಬಂದಿತ್ತು. ಅವಳು ಮತ್ತೆ ಮಾತು ಬಿಟ್ಟಳು ಎಂದು ಆಳಂದದ ಸ್ಟ್ಯಾಂಡಿನಲ್ಲಿ ಜೇವರ್ಗಿಯವನಿಗೆ ಹೇಳಿದೆ. ಅವನು ಚಹಾದ ಬಶಿ ಕೆಳಗಿಟ್ಟು ನನ್ನ ಭುಜ ಹಿಡಿದ. ಅಷ್ಟರಲ್ಲಿ ಬಸ್ಸು ಬಂತು, ನಾನು ಟವೆಲ್ಲು ಹಾಕಲು ಓಡಿದೆ.

ಆಮೇಲಿನ ವರ್ಷಗಳ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಸಾಹೇಬರು ಬದಲಾದರು, ರಸ್ತೆಗೆ ಎರಡು ಸಲ ಡಾಂಬರು ಹಾಕಿ ಮೂರು ಸಲ ಕಿತ್ತರು. ನಮ್ಮವ್ವ ಹೋದಳು. ಹುಡುಗಿಯರು ಬೆಳೆದರು, ಸಂಜೆ ನಾನು ಉಣ್ಣುವಾಗ ಎದುರಿಗೆ ಕೂತು ಅವ್ವ ಹಿಂಗಂದಳು ಹಂಗಂದಳು ಎಂದು ಏನೋ ಹೇಳುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ಅವರ ಮದುವೆಗಳಾದವು. ಮನೆಯಲ್ಲಿ ನಾವಿಬ್ಬರೇ ಉಳಿದೆವು. ಉಂಡು ಗೋಡೆಗೆ ಒರಗಿದರೆ ಮೈ ಇನ್ನೂ ಬಸ್ಸಿನಲ್ಲಿದ್ದಂತೆ ಅಲುಗಾಡುತ್ತಿತ್ತು. ಅವಳು ಎದುರಿಗೆ ಸೊಪ್ಪು ಸೋಸುತ್ತ ಕೂತಿರುತ್ತಿದ್ದಳು. ಪಾಪ, ಇವಳ ಮಾತು ಹೋಯಿತು, ನನ್ನ ಕೈಯಿಂದಲೇ ಹೋಯಿತು ಎಂದು ನೆನೆಯುತ್ತ ಕಣ್ಣು ಮುಚ್ಚುತ್ತಿದ್ದೆ. ದುಃಖವಾಗುತ್ತಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಾಗುತ್ತಿತ್ತು, ಅಷ್ಟೇ.

ತೊಂಬತ್ತರ ದಶಕದ ನಡುವೆ ನಿವೃತ್ತನಾದೆ. ಹಾರ ಹಾಕಿ, ಶಾಲು ಹೊದಿಸಿ, ಒಂದು ಗಡಿಯಾರ ಕೊಟ್ಟು ಕಳಿಸಿದರು. ಮರುದಿನ ಆರೂವರೆಯ ಬಸ್ಸು ಅಗಸಿಯಲ್ಲಿ ಹಾರ್ನು ಹೊಡೆದು ಹೋಯಿತು. ಕಾಲು ಎದ್ದು ನಿಂತಿದ್ದವು, ಅವನ್ನು ಕೂಡಿಸಿದೆ. ಸ್ನಾನ, ಪೂಜೆ ಮುಗಿಸಿ ಬಂದು ಪಡಸಾಲೆಯ ಕಂಬಕ್ಕೆ ಒರಗಿದೆ. ಅಜ್ಜನ ಪೆಟ್ಟಿಗೆ ಮೂಲೆಯಲ್ಲಿತ್ತು. ಮುಂದೆಳೆದುಕೊಂಡೆ, ಒಳಗೆ ಏನೂ ಇರಲಿಲ್ಲ. ಹೆಂಡತಿ ಮೊರ ಹಿಡಿದು ಬಂದು ಎದುರಿನ ಕಂಬದ ಹತ್ತಿರ ಕೂತಳು. ಬಿಸಿಲು ಹೊಸಲು ದಾಟಿ ಒಳಗೆ ಬಂದಿತ್ತು. ಈಗ ಕಾಲ ಇದೆ, ಇನ್ನಾದರೂ ಶುರು ಮಾಡೋಣ, ಒಂದು ಮಾತಾದರೂ ಬರಬಹುದು ಎಂದುಕೊಂಡೆ. ಅವಳ ಕಡೆ ನೋಡದೆ, ಖಾಲಿ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಹಿಂದಿನ ಹಾಗೇ ಗಟ್ಟಿಯಾಗಿ ಹೇಳಿದೆ.

“ಅತನೂರ. ಬನ್ನಿಗಿಡದ ಹೊಲ.”

“ಅದನ್ನ ನಮ್ಮಣ್ಣ ಮಾರಿ ಒಂಬತ್ತ ವರ್ಷ ಆತಲ್ರಿ,” ಎಂದಳು ಅವಳು, ಮೊರದಿಂದ ಕಣ್ಣು ತೆಗೆಯದೆ. ದನಿ ಸ್ವಚ್ಛವಾಗಿತ್ತು. ದಿನಾ ಮಾತಾಡುವವರ ದನಿ.

ಪೆಟ್ಟಿಗೆಯನ್ನು ಬದಿಗೆ ಸರಿಸಿದೆ. ನೀನು ನನಗೆ ಹೇಳಲೇ ಇಲ್ಲವಲ್ಲ ಎಂದೆ.

ಅವಳು ಆಗ ತಲೆ ಎತ್ತಿ ನೋಡಿದಳು. ಸಿಟ್ಟಿರಲಿಲ್ಲ.

“ಹೇಳಿದ್ನ್ರಿ. ಮಾರಿದ ದಿನಾನ ಹೇಳೇನಿ. ಆಮ್ಯಾಲೂ ದಿನಾ ಏನರ ಒಂದು ಹೇಳಾಕತ್ತೇನಿ. ನೀವು ಹೂಂ ಅಂತೀರಿ.”

ನೀನು ಏನೇನು ಹೇಳಿದ್ದಿ ಎಂದು ಕೇಳಿದೆ.

ಅವಳು ಮೊರದೊಳಗಿನ ಒಂದು ಹರಳು ಆರಿಸಿ ಅಂಗಳಕ್ಕೆ ಒಗೆದಳು. “ಅಷ್ಟೆಲ್ಲಾ ಈಗ ಹ್ಯಾಂಗ ನೆನಪಿರ್ತಾವ್ರಿ,” ಎಂದು ಜೋಳ ಕೇರತೊಡಗಿದಳು.